ಎರಡನೇ ಬ್ಯಾಟರಿ ಸತ್ತಿದೆಯೇ, ಬಾಗಿಲು ಹಾಕಿಕೊಂಡಿದೆಯೇ?

ಕಳೆದ ಬೇಸಿಗೆಯಲ್ಲಿ ಗದಗಿನಿಂದ ಒಂದು ಪುಟ್ಟ ಟೆಂಪೊ ಹುಬ್ಬಳ್ಳಿಯ ನನ್ನ ಅಂಗಡಿಯ ಮುಂದೆ ಬಂದು ನಿಂತಿತು. ಜಾತ್ರೆಯಿಂದ ಜಾತ್ರೆಗೆ ಲಸ್ಸಿ, ಮಸಾಲೆ ಮಜ್ಜಿಗೆ ಮಾರುವ ಗಾಡಿ. ಹಿಂದಿನ ಪೆಟ್ಟಿಗೆಯಲ್ಲಿ 12 ವೋಲ್ಟ್‌ನ ಫ್ರಿಜ್, ಎರಡು ಸಾಲು ಎಲ್‌ಇಡಿ ದೀಪ, ಗಿರಾಕಿಗಳನ್ನು ಕೂಗಿ ಕರೆಯಲು ಒಂದು ಆಂಪ್ಲಿಫೈಯರ್. ಫ್ರಿಜ್ಜಿಗೂ ದೀಪಕ್ಕೂ ಅನ್ನ ಹಾಕುವುದು ಸೀಟಿನ ಹಿಂದೆ ಕೂರಿಸಿದ 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ. "ಅಣ್ಣಾ, ಬ್ಯಾಟರಿ ಸತ್ತಿದೆ ಎಂದು ಎಲ್ಲರೂ ಹೇಳಿದರು. ಹಾಕಿಸಿ ಹನ್ನೊಂದೇ ತಿಂಗಳು. ಹಳೆಯದನ್ನು ಎಷ್ಟಕ್ಕೆ ತೆಗೆದುಕೊಳ್ಳುತ್ತೀರಿ?" ಎಂದು ಮಾಲೀಕರು ನೇರವಾಗಿ ವ್ಯಾಪಾರಕ್ಕೇ ಇಳಿದರು. ಮೀಟರ್ ಇಟ್ಟು ನೋಡಿದೆ. 4.6 ವೋಲ್ಟ್.

ಸೀಸದ ಬ್ಯಾಟರಿ ಇಷ್ಟು ತೋರಿಸಿದ್ದರೆ ನಾನೂ ತಕ್ಕಡಿ ತರುತ್ತಿದ್ದೆ. ಆದರೆ ಅರ್ಧ ಗಂಟೆಯ ನಂತರ ಅದೇ ಬ್ಯಾಟರಿ 12.9 ವೋಲ್ಟ್ ತೋರಿಸುತ್ತಿತ್ತು, ಫ್ರಿಜ್ ಗುಂಯ್ ಎನ್ನುತ್ತಿತ್ತು. ಅದು ಹೇಗೆ ಎದ್ದಿತು, ಏಕೆ ಮಲಗಿತ್ತು ಎನ್ನುವುದನ್ನು ಕೆಳಗೆ ಹೇಳುತ್ತಾ ಹೋಗುತ್ತೇನೆ. ಜೊತೆಗೆ ನಿಮ್ಮ ಗಾಡಿಯಲ್ಲಿ ಇಂಥದ್ದೇ ತೊಂದರೆ ಬಂದರೆ ಯಾವ ಕ್ರಮದಲ್ಲಿ ಹುಡುಕಬೇಕು ಎನ್ನುವುದನ್ನೂ ಹೇಳುತ್ತೇನೆ. ಕ್ರಮ ಎಂದರೆ ಇಷ್ಟೇ: ಬ್ಯಾಟರಿಯ ಕಂಬದಿಂದ, ಅಂದರೆ ಟರ್ಮಿನಲ್‌ನಿಂದ, ಶುರು ಮಾಡಿ ಹೊರಗಡೆಗೆ ಹೋಗುವುದು. ಫ್ರಿಜ್ ಕೆಲಸ ಮಾಡುತ್ತಿಲ್ಲ ಎಂದು ಫ್ರಿಜ್ಜನ್ನು ಬಿಚ್ಚುತ್ತಾ ಕುಳಿತರೆ ಸಂಜೆಯಾಗುತ್ತದೆ.

ಮೊದಲು ಒಂದು ಎಚ್ಚರಿಕೆ. ಇಲ್ಲಿ ಹೇಳುತ್ತಿರುವುದೆಲ್ಲ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿಯ ಲೆಕ್ಕ. 3.2 ವೋಲ್ಟ್‌ನ ನಾಲ್ಕು ಸೆಲ್‌ಗಳನ್ನು ಸಾಲಾಗಿ ಜೋಡಿಸಿ 12.8 ವೋಲ್ಟ್ ಮಾಡಿರುತ್ತಾರೆ. ನಿಮ್ಮ ಬ್ಯಾಟರಿಯ ಮೇಲೆ 12.8 ಎಂದು ಬರೆದಿದ್ದರೆ ಮುಂದೆ ಓದಿ. ಹಳೆಯ ಎಲೆಕ್ಟ್ರಿಕ್ ಸ್ಕೂಟರ್‌ನ ಸೆಲ್ ಕಿತ್ತು ಯಾರೋ ಕಟ್ಟಿಕೊಟ್ಟ ಪ್ಯಾಕ್ ಆಗಿದ್ದರೆ ಅದರ ರಸಾಯನವೇ ಬೇರೆ ಇರಬಹುದು. ಈ ಅಂಕಿಗಳನ್ನು ಅದಕ್ಕೆ ಅನ್ವಯಿಸಬೇಡಿ.

ಕೈಗೆ ಬೇಕಾದದ್ದು

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್. ವಯರನ್ನು ಕತ್ತರಿಸದೆ ಹೊರಗಿನಿಂದ ಕಚ್ಚಿಸಿ ಕರೆಂಟ್ ಅಳೆಯುವ ಒಂದು ಕ್ಲ್ಯಾಂಪ್ ಮೀಟರ್. ಕೊಳ್ಳುವಾಗ ಡಿಸಿ ಕರೆಂಟ್ ಅಳೆಯುತ್ತದೆಯೇ ಎಂದು ಕೇಳಿ, ಏಕೆಂದರೆ ಅಗ್ಗದ ಕ್ಲ್ಯಾಂಪ್‌ಗಳಲ್ಲಿ ಬಹಳಷ್ಟು ಮನೆಯ ಎಸಿ ಕರೆಂಟ್ ಮಾತ್ರ ತೋರಿಸುತ್ತವೆ. ಹೋಲ್ಡರ್ ಸಮೇತ ನಾಲ್ಕು ಹೆಡ್‌ಲೈಟ್ ಬಲ್ಬ್; ಒಂದು ತಂತಿ ಸುಟ್ಟ ಹಳೆಯ ಬಲ್ಬ್ ಆದರೂ ನಡೆಯುತ್ತದೆ, ಇನ್ನೊಂದು ತಂತಿ ಉಳಿದಿದ್ದರೆ ಸಾಕು. ಹಿಡಿಯ ತನಕ ಇನ್ಸುಲೇಶನ್ ಟೇಪ್ ಸುತ್ತಿದ ಪಾನಾ. ಒಂದು ಹಾಳೆ, ಒಂದು ಪೆನ್ಸಿಲ್.

ಉಂಗುರ, ಕೈಗಡಿಯಾರ, ಕಡಗ ತೆಗೆದಿಡಿ. ಲಿಥಿಯಂ ಬ್ಯಾಟರಿಯ ಒಳಗಿನ ತಡೆ ಬಹಳ ಕಡಿಮೆ. ಪಾನಾ ಎರಡೂ ಕಂಬಗಳನ್ನು ಮುಟ್ಟಿದರೆ ಬಿಎಂಎಸ್ (ಬ್ಯಾಟರಿಯ ಒಳಗಿನ ರಕ್ಷಣಾ ಸರ್ಕ್ಯೂಟ್) ಕಣ್ಣು ತೆರೆಯುವಷ್ಟರಲ್ಲಿ ಪಾನಾದ ತುದಿ ಕರಗಿರುತ್ತದೆ. ಇನ್ನೊಂದು ಮಾತು: ಮಲ್ಟಿಮೀಟರ್‌ನ ಕೆಂಪು ವಯರ್ 10 ಆಂಪಿಯರ್ ತೂತಿನಲ್ಲಿ ಇರುವಾಗ ವೋಲ್ಟೇಜ್ ನೋಡಲು ಹೋಗಬೇಡಿ. ಅದು ನೇರ ಶಾರ್ಟ್. ಈ ತಪ್ಪನ್ನು ನಾನು ಇಪ್ಪತ್ತು ವರ್ಷದ ಅನುಭವದ ಮೇಲೆ, ಗಿರಾಕಿಯ ಎದುರಿಗೇ ಮಾಡಿದ್ದೇನೆ.

ಹಾಳೆಯ ಮೇಲೆ ನಿಮ್ಮ ಗಾಡಿಯ ನಕ್ಷೆ ಬರೆದುಕೊಳ್ಳಿ. ಗಾಡಿಯ ಮುಂಭಾಗದಲ್ಲಿ ಇಂಜಿನ್‌ಗೆಂದು ಇರುವ ಬ್ಯಾಟರಿ (ಕೆಳಗೆ ಇದನ್ನೇ ಮುಂದಿನ ಬ್ಯಾಟರಿ ಎನ್ನುತ್ತೇನೆ), ಫ್ಯೂಸ್, ಚಾರ್ಜರ್ ಅಥವಾ ರಿಲೇ, ಮತ್ತೊಂದು ಫ್ಯೂಸ್, ಹಿಂದಿನ ಬ್ಯಾಟರಿ, ಶಂಟ್ (ಹರಿಯುವ ಕರೆಂಟ್ ಅಳೆಯಲು ನೆಗೆಟಿವ್ ದಾರಿಯಲ್ಲಿ ಕೂರಿಸುವ ಲೋಹದ ಪಟ್ಟಿ), ಫ್ಯೂಸ್ ಪೆಟ್ಟಿಗೆ. ಯಾವ ವಯರ್ ಎಲ್ಲಿಗೆ ಹೋಗಿದೆ ಎಂದು ಕೈಯಿಂದ ಮುಟ್ಟಿ ನೋಡಿ ಬರೆಯಿರಿ, ನೆನಪಿನಿಂದ ಬೇಡ. ಹತ್ತರಲ್ಲಿ ನಾಲ್ಕು ಸಲ ತಪ್ಪು ಈ ಹಂತದಲ್ಲೇ ಕಣ್ಣಿಗೆ ಬೀಳುತ್ತದೆ.

ಕಂಬದ ಮೇಲಿನ ವೋಲ್ಟೇಜ್

ಎಲ್ಲವನ್ನೂ ಆಫ್ ಮಾಡಿ. ಮೇಲೆ ಸೋಲಾರ್ ಹಲಗೆ ಇದ್ದರೆ ಮೊದಲು ಅದರ ವಯರ್ ಬಿಡಿಸಿ, ಇಲ್ಲವಾದರೆ ನೀವು ಅಳೆಯುವುದು ಬಿಸಿಲನ್ನು. ಒಂದು ಗಂಟೆ ಬಿಟ್ಟು ಮೀಟರ್‌ನ ಮೊನೆಗಳನ್ನು ಬ್ಯಾಟರಿಯ ಕಂಬಕ್ಕೇ ಒತ್ತಿ. ವಯರ್‌ನ ತುದಿಗೆ ಒತ್ತಿ ಕೂರಿಸಿದ ಲೋಹದ ಬಳೆಗೆ, ಅಂದರೆ ಲಗ್‌ಗೆ ಬೇಡ, ಬೋಲ್ಟ್‌ಗೆ ಬೇಡ.

13.3ರಿಂದ 13.4 ಬಂದರೆ ಬ್ಯಾಟರಿ ತುಂಬಿದೆ, ಇಲ್ಲವೇ ತುಂಬಿದ್ದಕ್ಕೆ ಹತ್ತಿರವಿದೆ. 13.0 ಬಂದರೆ ಸುಮಾರು ಮೂರನೇ ಒಂದು ಭಾಗ ಉಳಿದಿದೆ. 12.8ರ ಕೆಳಗೆ ಹೋಗಿದ್ದರೆ ಬೇಗ ಚಾರ್ಜಿಗೆ ಹಾಕಿ. 13.0 ಮತ್ತು 13.3ರ ನಡುವೆ, 13.1ರಿಂದ 13.2ರವರೆಗೆ, ಎಲ್‌ಎಫ್‌ಪಿಯ ವೋಲ್ಟೇಜ್ ನಮ್ಮ ನವಲಗುಂದದ ಎರೆಹೊಲದ ಹಾಗೆ ಸಪಾಟು. ಅರ್ಧ ಖಾಲಿಯೋ ಮುಕ್ಕಾಲು ತುಂಬಿದೆಯೋ ಮೀಟರ್‌ಗೆ ತಿಳಿಯುವುದಿಲ್ಲ. ಸೀಸದ ಬ್ಯಾಟರಿಯಲ್ಲಿ 12.7 ಎಂದರೆ ತುಂಬಿದೆ, 12.2 ಎಂದರೆ ಅರ್ಧ ಎಂದು ನೋಡುವ ಅಭ್ಯಾಸವಿದ್ದವರು ಇಲ್ಲಿ ಎಡವುತ್ತಾರೆ. ಲಿಥಿಯಂನಲ್ಲಿ 12.7 ಕಂಡು "ಫುಲ್ ಇದೆ" ಎಂದು ಜಾತ್ರೆಗೆ ಹೋದವರ ಫ್ರಿಜ್ ಮಧ್ಯಾಹ್ನದೊಳಗೆ ನಿಲ್ಲುತ್ತದೆ.

ಸೊನ್ನೆ, ಅಥವಾ 3, 5, 7ರಂಥ ತಲೆಬುಡವಿಲ್ಲದ ಅಂಕಿ ಬಂದರೆ ಬ್ಯಾಟರಿ ಬಾಗಿಲು ಹಾಕಿಕೊಂಡಿದೆ ಎಂದು ತಿಳಿಯಿರಿ. ಒಳಗೆ ಕುಳಿತ ಬಿಎಂಎಸ್ ಎಂಬ ಕಾವಲುಗಾರ ಸೆಲ್‌ಗಳನ್ನು ಹೊರಗಿನ ಕಂಬದಿಂದ ಬೇರ್ಪಡಿಸಿದ್ದಾನೆ. ನೀವು ನೋಡುತ್ತಿರುವುದು ಮುಚ್ಚಿದ ಬಾಗಿಲ ಸಂದಿಯಿಂದ ಸೋರಿದ ವೋಲ್ಟೇಜ್. ಸೆಲ್‌ಗಳ ನಿಜವಾದ ಸ್ಥಿತಿ ಅದರಲ್ಲಿ ಕಾಣುವುದಿಲ್ಲ. ಕಾವಲುಗಾರ ಬಾಗಿಲು ಹಾಕುವುದು ನಾಲ್ಕು ಕಾರಣಕ್ಕೆ: ಯಾವುದೋ ಒಂದು ಸೆಲ್ 2.5 ವೋಲ್ಟ್ ಆಸುಪಾಸಿಗೆ ಇಳಿದಿದೆ, ಒಂದು ಸೆಲ್ 3.65 ದಾಟಿದೆ, ತಡೆಯಲಾರದಷ್ಟು ಕರೆಂಟ್ ಎಳೆದಿದ್ದಾರೆ, ಅಥವಾ ಮೈ ಸುಡುತ್ತಿದೆ.

ಇನ್ವರ್ಟರ್‌ನ ಲಗ್ ಮುಟ್ಟಿಸಿದ ಕ್ಷಣದಲ್ಲೇ ಬ್ಯಾಟರಿ ಸತ್ತರೆ ಅದು ಮೂರನೆಯ ಕಾರಣ. ಇನ್ವರ್ಟರ್ ಒಳಗಿನ ಖಾಲಿ ಕೆಪಾಸಿಟರ್‌ಗಳು ಒಮ್ಮೆಗೇ ಗುಟುಕರಿಸುವ ಕರೆಂಟ್ ಬಿಎಂಎಸ್‌ಗೆ ಶಾರ್ಟ್ ಆದಂತೆ ಕಾಣುತ್ತದೆ. ಎಲ್ಲ ವಯರ್ ಬಿಡಿಸಿ ಕೆಲವು ನಿಮಿಷ ಬಿಟ್ಟರೆ ಬಹಳಷ್ಟು ಬ್ಯಾಟರಿಗಳು ತಾವೇ ಏಳುತ್ತವೆ. ಮತ್ತೆ ಜೋಡಿಸುವಾಗ ಪಾಸಿಟಿವ್ ವಯರ್‌ನ ನಡುವೆ ಒಂದು ಹೆಡ್‌ಲೈಟ್ ಬಲ್ಬ್ ಇಟ್ಟು ನಾಲ್ಕೈದು ಸೆಕೆಂಡ್ ಮುಟ್ಟಿಸಿ. ಬಲ್ಬ್ ಮಿಂಚಿ ಮಂಕಾದ ಮೇಲೆ ಲಗ್ಗನ್ನು ನೇರವಾಗಿ ಕಂಬಕ್ಕೆ ಬಿಗಿಯಿರಿ.

ಏಳಿಸುವುದು ಹೇಗೆ

ಗದಗಿನ ಟೆಂಪೊದ್ದು ಮೊದಲನೆಯ ಕಾರಣ, ಪೂರ್ತಿ ಖಾಲಿ. ಇಂಥ ಬ್ಯಾಟರಿಗೆ ಮಾಮೂಲಿ ಚಾರ್ಜರ್ ಹಚ್ಚಿದರೆ "ಎದುರಿಗೆ ಬ್ಯಾಟರಿಯೇ ಇಲ್ಲ" ಎಂದುಕೊಂಡು ಚಾರ್ಜರ್ ಸುಮ್ಮನಿರುತ್ತದೆ. ಬ್ಯಾಟರಿ ಚಾರ್ಜರಿಗಾಗಿ ಕಾಯುತ್ತದೆ, ಚಾರ್ಜರ್ ಬ್ಯಾಟರಿಗಾಗಿ ಕಾಯುತ್ತದೆ. ಲಿಥಿಯಂಗೆಂದೇ ಮಾಡಿದ ಒಳ್ಳೆಯ ಚಾರ್ಜರ್‌ಗಳಲ್ಲಿ ಏಳಿಸುವ ವ್ಯವಸ್ಥೆ ಇರುತ್ತದೆ. ಇಲ್ಲದಿದ್ದರೆ ನನ್ನ ದಾರಿ ಇದು. ಎರಡೂ ಬ್ಯಾಟರಿಗಳ ನೆಗೆಟಿವ್ ಕೂಡಿಸಿ. ತುಂಬಿದ ಸೀಸದ ಬ್ಯಾಟರಿಯ ಪಾಸಿಟಿವ್‌ನಿಂದ 55 ವಾಟ್‌ನ ಒಂದು ಹೆಡ್‌ಲೈಟ್ ಬಲ್ಬ್ ದಾಟಿಸಿ ಲಿಥಿಯಂನ ಪಾಸಿಟಿವ್‌ಗೆ ಕೊಡಿ. ಬಲ್ಬ್ ಅಡ್ಡ ಇರುವುದರಿಂದ ನಾಲ್ಕೈದು ಆಂಪಿಯರ್‌ಗಿಂತ ಹೆಚ್ಚು ಹರಿಯುವುದಿಲ್ಲ. ಅಂದು ಬಲ್ಬಿನ ತಂತಿ ಸಂಜೆಯ ಬೀಡಿಯ ತುದಿಯ ಹಾಗೆ ಕೆಂಪಗಾಯಿತು. ಒಂದು ನಿಮಿಷದಲ್ಲಿ ಕಂಬದ ಮೇಲೆ 10ರ ಮೇಲೆ ವೋಲ್ಟೇಜ್ ಬಂತು. ಆಗ ಬಲ್ಬ್ ತೆಗೆದು 10 ಆಂಪಿಯರ್‌ನ ಚಾರ್ಜರ್ ಹಚ್ಚಿದೆ.

ಈ ಉಪಾಯ ಇತ್ತೀಚೆಗೆ ಮಲಗಿದ ಬ್ಯಾಟರಿಗೆ ಮಾತ್ರ. ಖಾಲಿಯಾದ ಮೇಲೂ ಬಿಎಂಎಸ್ ಚೂರು ಚೂರೇ ಕರೆಂಟ್ ತಿನ್ನುತ್ತಿರುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದು ಸೆಲ್‌ಗಳು 2 ವೋಲ್ಟ್‌ಗಿಂತ ಕೆಳಗಿಳಿದಿದ್ದರೆ ಒಳಗೆ ತಾಮ್ರ ಕರಗಿ ಸೆಲ್ ಕೆಟ್ಟಿರಬಹುದು. ಅಂಥದ್ದನ್ನು, ಮತ್ತು ಹೊಟ್ಟೆ ಉಬ್ಬಿದ್ದನ್ನು, ಏಳಿಸುವ ಸಾಹಸ ಬೇಡ. ಚಾರ್ಜರ್ 14.2ರಿಂದ 14.4 ವೋಲ್ಟ್‌ಗೆ ನಿಲ್ಲುವಂತಿರಲಿ. ಸೀಸದ ಬ್ಯಾಟರಿಯ "ರಿಪೇರಿ" ಅಥವಾ "ಈಕ್ವಲೈಸ್" ಗುಂಡಿಯನ್ನು ಒತ್ತಲೇಬೇಡಿ, ಅದು 15 ವೋಲ್ಟ್ ದಾಟಿಸುತ್ತದೆ.

ಚಾರ್ಜ್ ಏಕೆ ಬರುತ್ತಿಲ್ಲ

ಬ್ಯಾಟರಿ ಎದ್ದಿತು ಎಂದು ಕಳುಹಿಸಿಬಿಟ್ಟರೆ ವಾರದೊಳಗೆ ಗಾಡಿ ವಾಪಸು ಬರುತ್ತದೆ. ಇಂಜಿನ್ ಚಾಲೂ ಮಾಡಿ ಮುಂದಿನ ಬ್ಯಾಟರಿಯ ಕಂಬದ ಮೇಲೆ ನೋಡಿ. ಡೈನಮೋ ಎಂದೇ ನಾವು ಕರೆಯುವ ಆಲ್ಟರ್ನೇಟರ್ ಸರಿಯಿದ್ದರೆ 13.8ರಿಂದ 14.4 ಇರಬೇಕು. ಬಿಎಸ್-6 ಬಂದ ಮೇಲಿನ ಹಲವು ಗಾಡಿಗಳಲ್ಲಿ ಡೀಸೆಲ್ ಉಳಿಸಲು ಕಂಪ್ಯೂಟರೇ ಆಲ್ಟರ್ನೇಟರನ್ನು ಇಳಿಸುತ್ತದೆ. ಅಂಥ ಗಾಡಿಯಲ್ಲಿ ಕೆಲವೊಮ್ಮೆ 12.6 ಮಾತ್ರ ಕಂಡರೆ ಹೆದರಬೇಡಿ, ಹೆಡ್‌ಲೈಟ್ ಹಾಕಿ ಮತ್ತೊಮ್ಮೆ ನೋಡಿ.

ಟೆಂಪೊದಲ್ಲಿ ಮುಂದೆ 14.1 ಇತ್ತು, ಹಿಂದೆ ಬರುತ್ತಿರಲಿಲ್ಲ. ನಡುವಿನ 60 ಆಂಪಿಯರ್ ಫ್ಯೂಸ್ ಹಾರಿತ್ತು. ಫ್ಯೂಸ್ ಹಾಕಿ ಕಳುಹಿಸುವುದು ಸುಲಭವಿತ್ತು. ಹಾರಿದ್ದೇಕೆ ಎಂದು ನೋಡಿದಾಗ ಸಿಕ್ಕಿದ್ದು ಸೀಸದ ಬ್ಯಾಟರಿಗಳಿಗೆಂದು ಮಾಡಿದ ಐಸೊಲೇಟರ್ ರಿಲೇ. ಅದು ವೋಲ್ಟೇಜ್ 13.3ರ ಸುಮಾರಿಗೆ ಏರಿದಾಗ ಎರಡೂ ಬ್ಯಾಟರಿಗಳನ್ನು ಕೂಡಿಸುತ್ತದೆ, 12.8ರ ಸುಮಾರಿಗೆ ಇಳಿದಾಗ ಬಿಡಿಸುತ್ತದೆ. ಇಬ್ಬರೂ ಸೀಸದವರಾಗಿದ್ದರೆ ಇಂಜಿನ್ ನಿಂತ ಸ್ವಲ್ಪ ಹೊತ್ತಿಗೆ ವೋಲ್ಟೇಜ್ ಇಳಿಯುತ್ತದೆ, ರಿಲೇ ಬಿಡುತ್ತದೆ. ಲಿಥಿಯಂ ಸುಮ್ಮನೆ ಕುಳಿತಾಗಲೇ 13.2 ತೋರಿಸುವ ಪ್ರಾಣಿ. ಆದ್ದರಿಂದ ರಿಲೇ ಬಿಡುವುದೇ ಇಲ್ಲ. ಇವರ ಆಂಪ್ಲಿಫೈಯರ್ ಮುಂದಿನ ಬ್ಯಾಟರಿಗೆ ಹಚ್ಚಿತ್ತು. ಇಡೀ ರಾತ್ರಿ ಅದು ತಿಂದದ್ದು ಹಿಂದಿನ ಲಿಥಿಯಂನ ಅನ್ನವನ್ನು. 12.8ಕ್ಕೆ ರಿಲೇ ಬಿಡುವಷ್ಟರಲ್ಲಿ ತಳ ಕಾಣುತ್ತಿತ್ತು, ಉಳಿದ ಚೂರನ್ನು ಫ್ರಿಜ್ ಮತ್ತು ದೀಪ ಮುಗಿಸಿದವು. ಬೆಳಿಗ್ಗೆ ಇಂಜಿನ್ ಹೊಡೆದ ಕೂಡಲೇ ಹಸಿದ ಲಿಥಿಯಂ ಡೈನಮೋದಿಂದ ಸಿಕ್ಕಷ್ಟನ್ನೂ ಎಳೆಯಿತು, ಫ್ಯೂಸ್ ಹಾರಿತು. ಹಾರಿದ್ದು ಒಳ್ಳೆಯದೇ ಆಯಿತು. ಹಾರದಿದ್ದರೆ ಪುಟ್ಟ ಗಾಡಿಯ ಡೈನಮೋ ನಿಂತಲ್ಲೇ ಕಾಯ್ದು ಸುಡುತ್ತಿತ್ತು.

ಇದಕ್ಕೆ ಮದ್ದು ಡಿಸಿ-ಡಿಸಿ ಚಾರ್ಜರ್. ಅದು ಕರೆಂಟಿಗೆ ಮಿತಿ ಹಾಕುತ್ತದೆ, ವೋಲ್ಟೇಜನ್ನು 14.4ಕ್ಕೆ ಏರಿಸಿ ಕೊಡುತ್ತದೆ, ಇಂಜಿನ್ ನಿಂತರೆ ಸಂಬಂಧ ಕಡಿಯುತ್ತದೆ. ಇವರಿಗೆ 20 ಆಂಪಿಯರ್‌ನದು ಹಾಕಿಕೊಟ್ಟೆ. ಡೈನಮೋ ಚಿಕ್ಕದಿದ್ದಾಗ ದೊಡ್ಡದಕ್ಕೆ ಆಸೆಪಡಬಾರದು.

ಡಿಸಿ-ಡಿಸಿ ಇದ್ದೂ ಚಾರ್ಜ್ ಬಾರದಿದ್ದರೆ ಇಗ್ನಿಷನ್‌ನಿಂದ ಬರುವ ತೆಳ್ಳನೆಯ ಸಂಕೇತದ ವಯರನ್ನು ಮೊದಲು ನೋಡಿ. ಕೀಲಿ ತಿರುಗಿಸಿದಾಗ ಅದರಲ್ಲಿ 12 ವೋಲ್ಟ್ ಬರಬೇಕು. ಅದು ಸರಿಯಿದ್ದೂ ಚಾರ್ಜರ್‌ನ ದೀಪ ಹತ್ತುವುದು, ಆರುವುದು, ಮತ್ತೆ ಹತ್ತುವುದು ಹೀಗೆ ಆಡುತ್ತಿದ್ದರೆ ಚಾರ್ಜರ್ ಕೆಟ್ಟಿದೆ ಎಂದು ಮರಳಿಸಲು ಓಡಬೇಡಿ. ಅದು ಸಾಧಾರಣವಾಗಿ ತೆಳ್ಳನೆಯ ವಯರ್‌ನ ಲಕ್ಷಣ. 20 ಆಂಪಿಯರ್ ಹೊರಗೆ ಕೊಡಲು ಅದು ಮುಂದಿನಿಂದ ಸುಮಾರು 25 ಆಂಪಿಯರ್ ಎಳೆಯುತ್ತದೆ. ಎಳೆದಾಗ ವಯರ್‌ನಲ್ಲಿ ವೋಲ್ಟೇಜ್ ಬೀಳುತ್ತದೆ, "ಮುಂದಿನ ಬ್ಯಾಟರಿ ಇಳಿದಿದೆ" ಎಂದುಕೊಂಡು ಚಾರ್ಜರ್ ನಿಲ್ಲುತ್ತದೆ. ನಿಂತ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಶುರು. ಆರು ಮೀಟರ್ ಉದ್ದದ 6 ಚದರ ಮಿಲಿಮೀಟರ್ ತಾಮ್ರದ ವಯರ್‌ನಲ್ಲಿ 25 ಆಂಪಿಯರ್ ಹರಿದರೆ ಸುಮಾರು 0.46 ವೋಲ್ಟ್ ಬೀಳುತ್ತದೆ. 16 ಚದರ ಮಿಲಿಮೀಟರ್ ಆದರೆ 0.17 ಮಾತ್ರ. ಇದು ಒಂದು ಕಡೆಯ ಲೆಕ್ಕ, ಮರಳುವ ದಾರಿಯದ್ದು ಬೇರೆ.

ವೋಲ್ಟೇಜ್ ಎಲ್ಲಿ ಸೋರುತ್ತಿದೆ

ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಕಲಿಯಬೇಕಾದ ಒಂದೇ ಒಂದು ಪರೀಕ್ಷೆ ಇದು. ಲೋಡ್ ಹಾಕಿ: ಫ್ರಿಜ್ ಓಡಲಿ, ಬಲ್ಬ್‌ಗಳು ಉರಿಯಲಿ, ಇಲ್ಲವೇ ಚಾರ್ಜರ್ ಪೂರ್ತಿ ಕೆಲಸ ಮಾಡುತ್ತಿರಲಿ. ಮೀಟರ್ ಡಿಸಿ ವೋಲ್ಟ್‌ನಲ್ಲಿರಲಿ. ಒಂದು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಇನ್ನೊಂದನ್ನು ಅದೇ ವಯರ್‌ನ ಆಚೆಯ ತುದಿಗೆ ಹಿಡಿಯಿರಿ. ಕಂಡದ್ದೆಲ್ಲ ದಾರಿಯಲ್ಲಿ ಸೋರಿದ ವೋಲ್ಟೇಜ್. ಆಮೇಲೆ ತುಂಡು ತುಂಡಾಗಿ ನೋಡಿ: ಕಂಬದಿಂದ ಲಗ್‌ಗೆ, ಲಗ್‌ನಿಂದ ವಯರ್‌ನ ತಾಮ್ರಕ್ಕೆ, ಫ್ಯೂಸ್‌ನ ಈ ಬದಿಯಿಂದ ಆ ಬದಿಗೆ. ಒಳ್ಳೆಯ ಜೋಡಣೆಯಲ್ಲಿ ಕೆಲವೇ ಮಿಲಿವೋಲ್ಟ್ ಬರುತ್ತದೆ. 100 ಮಿಲಿವೋಲ್ಟ್ ಬಂದ ಜಾಗಕ್ಕೆ ಬೆರಳಿಟ್ಟು ನೋಡಿ, ಬಿಸಿಯಾಗಿರುತ್ತದೆ. ನೆಗೆಟಿವ್ ಕಡೆಯನ್ನೂ ಹೀಗೆಯೇ ನೋಡಿ. ಗಾಡಿಯ ಬಾಡಿಗೆ ಕೊಟ್ಟ ಅರ್ಥ್ ಬೋಲ್ಟ್‌ನ ಕೆಳಗೆ ಬಣ್ಣ ಕೆರೆಯದೆ ಬಿಗಿದಿರುವುದು ತೀರಾ ಸಾಮಾನ್ಯ.

ಓಮ್‌ನಲ್ಲಿ ಇಟ್ಟು ವಯರ್ "ಬೀಪ್" ಎಂದಿತು, ಸರಿಯಿದೆ ಎನ್ನುವವರನ್ನು ನಂಬಬೇಡಿ. ನೂರು ಎಳೆಯಲ್ಲಿ ತೊಂಬತ್ತೈದು ತುಂಡಾಗಿದ್ದರೂ ಮೀಟರ್ ಬೀಪ್ ಎನ್ನುತ್ತದೆ. 20 ಮಿಲಿಓಮ್‌ನ ಕೆಟ್ಟ ಲಗ್ಗನ್ನು ಸಾಧಾರಣ ಮೀಟರ್ ಕಾಣಲಾರದು, ಆದರೆ 25 ಆಂಪಿಯರ್‌ನಲ್ಲಿ ಅದು ಅರ್ಧ ವೋಲ್ಟ್ ನುಂಗಿ 12 ವಾಟ್ ಶಾಖ ಕಾರುತ್ತದೆ.

ನಮ್ಮ ಸೀಮೆಯಲ್ಲಿ ಲಗ್‌ಗಳಿಗೆ ಎರಡು ಶತ್ರುಗಳು. ಎರೆಮಣ್ಣಿನ ರಸ್ತೆಗಳ ಕುಲುಕಾಟ ನಟ್ಟನ್ನು ಸಡಿಲಿಸುತ್ತದೆ. ಧಾರವಾಡದ ಮಳೆ ವಯರ್‌ನ ಬಾಯಿಯಿಂದ ಒಳಸೇರಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತದೆ. ಸುತ್ತಿಗೆಯಿಂದ ಬಡಿದು ಕೂರಿಸಿದ ಲಗ್ ಕಂಡರೆ ಕತ್ತರಿಸಿ ಎಸೆದು, ಕ್ರಿಂಪಿಂಗ್ ಯಂತ್ರದಲ್ಲಿ ಒತ್ತಿಸಿ, ಮೇಲೆ ಶಾಖಕ್ಕೆ ಕುಗ್ಗುವ ನಳಿಕೆ ಹಾಕಿಸಿ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೊರುವ ಗಾಡಿಯಾದರೆ ಮುಚ್ಚಳ ತೆಗೆಯುವ ಮೊದಲು ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಈ ಸಲಹೆ ಯಾವ ಕೈಪಿಡಿಯಲ್ಲೂ ಸಿಗುವುದಿಲ್ಲ.

ಶೇಕಡಾವಾರು ತೋರಿಸುವ ಮೀಟರ್

ವೋಲ್ಟೇಜ್ ನೋಡಿ ಶೇಕಡಾ ಹೇಳುವ ಅಗ್ಗದ ಮೀಟರ್ ಎಲ್‌ಎಫ್‌ಪಿಗೆ ಅಲಂಕಾರ ಮಾತ್ರ. ಶಂಟ್ ಇರುವ ಮೀಟರ್ ಒಳಗೆ ಬಂದ, ಹೊರಗೆ ಹೋದ ಆಂಪಿಯರ್‌ಗಳನ್ನು ಎಣಿಸುತ್ತದೆ. ಆದರೆ ಎಣಿಸುವವನ ಕಣ್ಣು ತಪ್ಪಿಸಿ ಹೋದದ್ದನ್ನು ಅದು ಹೇಗೆ ಎಣಿಸೀತು? ಬ್ಯಾಟರಿಯ ನೆಗೆಟಿವ್ ಕಂಬದಲ್ಲಿ ಶಂಟ್‌ಗೆ ಹೋಗುವ ಒಂದೇ ವಯರ್ ಇರಬೇಕು. ಎರಡನೆಯದು ಕಂಡರೆ ಅದೇ ಕಳ್ಳ. ಮೀಟರ್ ಬೆಳಗಿನಿಂದ 100 ತೋರಿಸುತ್ತಿದ್ದು ಸಂಜೆ ಒಮ್ಮೆಗೇ ಕತ್ತಲಾಗುವ ದೂರಿಗೆ ಕಾರಣ ಇಂಥ ವಯರ್. ಸೆಟ್ಟಿಂಗ್‌ನಲ್ಲಿ "ತುಂಬಿದೆ" ಎನ್ನುವ ವೋಲ್ಟೇಜನ್ನು 14ರ ಮೇಲೆ ಇಡಿ. 13.2 ಎಂದಿದ್ದರೆ ಅರ್ಧ ಬ್ಯಾಟರಿಯನ್ನೇ ತುಂಬಿದೆ ಎಂದು ಬರೆದುಕೊಳ್ಳುತ್ತದೆ.

ನಿಂತ ಗಾಡಿ ತಿನ್ನುವುದು

ಎಲ್ಲ ಆಫ್ ಮಾಡಿ ಬ್ಯಾಟರಿಯ ವಯರ್‌ಗೆ ಕ್ಲ್ಯಾಂಪ್ ಹಾಕಿ. ಹಾಕುವ ಮೊದಲು ಸೊನ್ನೆ ಗುಂಡಿ ಒತ್ತುವುದನ್ನು ಮರೆಯಬೇಡಿ. ಏನೂ ಹಚ್ಚದೆ ಆನ್ ಬಿಟ್ಟ ಇನ್ವರ್ಟರ್ 0.8 ಆಂಪಿಯರ್ ತಿಂದರೂ ದಿನಕ್ಕೆ 19 ಆಂಪಿಯರ್-ಅವರ್, ಐದು ದಿನಕ್ಕೆ ಬ್ಯಾಟರಿ ಖಾಲಿ. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ಯಾವುದಕ್ಕೆ ಅಂಕಿ ಇಳಿಯಿತು ಎಂದು ನೋಡಿದರೆ ಸಾಕು.

ಬಹಳಷ್ಟು ದೂರುಗಳಲ್ಲಿ ಏನೂ ಕೆಟ್ಟೇ ಇರುವುದಿಲ್ಲ, ಲೆಕ್ಕ ತಪ್ಪಿರುತ್ತದೆ. 4 ಆಂಪಿಯರ್‌ನ ಫ್ರಿಜ್ ಅರ್ಧ ಹೊತ್ತು ಓಡಿದರೂ ದಿನಕ್ಕೆ 48 ಆಂಪಿಯರ್-ಅವರ್. ಮೇ ತಿಂಗಳಲ್ಲಿ ಇನ್ನೂ ಹೆಚ್ಚು. 20 ಆಂಪಿಯರ್‌ನ ಚಾರ್ಜರ್ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಅರ್ಧ ಗಂಟೆಯಲ್ಲಿ ಹಾಕುವುದು ಹತ್ತು. ಗದಗಿಗೆ ಹೋದರೂ ಇಪ್ಪತ್ತು, ಇಪ್ಪತ್ತೈದು. ಹೋಗಿ ಬಂದರೆ ಒಂದು ದಿನದ ಖರ್ಚು ಹೇಗೋ ಹೊಂದುತ್ತದೆ. ಬರೀ ಧಾರವಾಡಕ್ಕೆ ಓಡಾಡುವವರು ರಾತ್ರಿ ಮನೆಯಲ್ಲಿ ಚಾರ್ಜಿಗೆ ಹಾಕಬೇಕು, ಇಲ್ಲವೇ ಮೇಲೆ ಸೋಲಾರ್ ಹಲಗೆ ಹಾಕಿಸಬೇಕು.

ಮಧ್ಯಾಹ್ನ ಚಾರ್ಜ್ ನಿಂತು ಸಂಜೆ ತಾನೇ ಶುರುವಾದರೆ ಬ್ಯಾಟರಿಯ ಮೈ ಮುಟ್ಟಿ ನೋಡಿ. ಎಲ್‌ಎಫ್‌ಪಿಗೆ ಚಾರ್ಜ್ ಮಾಡಲು 45 ಡಿಗ್ರಿಯವರೆಗಿನ ಶಾಖ ಹಿತ. ಬಿಸಿಲಲ್ಲಿ ನಿಂತ ಮುಚ್ಚಿದ ಟೆಂಪೊದಲ್ಲಿ ಅದು ಸುಲಭವಾಗಿ ದಾಟುತ್ತದೆ, ಬಿಎಂಎಸ್ ತಡೆಯುತ್ತದೆ. ಇಂಜಿನ್‌ನ ಪಕ್ಕದಲ್ಲಿ ಇಟ್ಟಿದ್ದರೆ ಜಾಗ ಬದಲಿಸಿ.

ಕಸುವು ಎಷ್ಟು ಉಳಿದಿದೆ

ಇಷ್ಟೆಲ್ಲ ಸರಿಯಿದ್ದೂ ಬೇಗ ಖಾಲಿಯಾದರೆ ಮಾತ್ರ ಬ್ಯಾಟರಿಯನ್ನು ಅನುಮಾನಿಸಿ. 14.4ರವರೆಗೆ ಪೂರ್ತಿ ತುಂಬಿಸಿ, ಒಂದು ಗಂಟೆ ಬಿಡಿ. ನಾಲ್ಕು ಬಲ್ಬ್‌ಗಳ 60 ವಾಟ್‌ನ ತಂತಿಗಳನ್ನು ಒಂದೊಂದಾಗಿ ಹಚ್ಚಿ. ಒಮ್ಮೆಗೇ ಹಚ್ಚಿದರೆ ತಣ್ಣನೆಯ ತಂತಿಗಳು ಮೊದಲ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತವೆ. ಒಟ್ಟು 20 ಆಂಪಿಯರ್ ಆಸುಪಾಸು ಆಗುತ್ತದೆ. ಬಲ್ಬ್‌ಗಳನ್ನು ಹೆಂಚಿನ ಮೇಲೋ ತಗಡಿನ ಮೇಲೋ ಇಡಿ, ರಟ್ಟಿನ ಮೇಲೆ ಬೇಡ. ಅರ್ಧ ಗಂಟೆಗೊಮ್ಮೆ ಕ್ಲ್ಯಾಂಪ್ ನೋಡಿ ಆಂಪಿಯರ್, ವೋಲ್ಟ್, ಹೊತ್ತು ಮೂರನ್ನೂ ಬರೆಯಿರಿ. 11 ವೋಲ್ಟ್‌ಗೆ ನಿಲ್ಲಿಸಿ, ಸರಾಸರಿ ಆಂಪಿಯರನ್ನು ಗಂಟೆಯಿಂದ ಗುಣಿಸಿ. ಹೊಸ 100ರ ಬ್ಯಾಟರಿ ಐದು ಗಂಟೆಯ ಹತ್ತಿರ ತಡೆಯಬೇಕು. ಕೊನೆಯಲ್ಲಿ ವೋಲ್ಟೇಜ್ ಬಂಡೆಯಿಂದ ಜಾರಿದಂತೆ ಬೀಳುತ್ತದೆ, ಆ ಹೊತ್ತಿಗೆ ಚಹಾಕ್ಕೆ ಹೋಗಬೇಡಿ. ಮುಗಿದ ಕೂಡಲೇ ಮತ್ತೆ ಚಾರ್ಜಿಗೆ ಹಾಕಿ.

ಅಂಕಿ 80ಕ್ಕಿಂತ ಕೆಳಗೆ ಬಂದರೆ, ಮತ್ತು ಬ್ಯಾಟರಿಗೆ ಬ್ಲೂಟೂತ್ ಇದ್ದರೆ, ಮೊಬೈಲ್‌ನಲ್ಲಿ ನಾಲ್ಕು ಸೆಲ್‌ಗಳನ್ನು ಚಾರ್ಜಿನ ಕೊನೆಯಲ್ಲಿ ನೋಡಿ. ನಡುವಿನಲ್ಲಿ ಎಲ್ಲವೂ ಒಂದೇ ಸಮ ಕಾಣುತ್ತವೆ, ಬಣ್ಣ ಬಯಲಾಗುವುದು ತುದಿಯಲ್ಲಿ. ಒಂದು ಸೆಲ್ 3.65 ಮುಟ್ಟಿ ಉಳಿದವು 3.4ರಲ್ಲೇ ಇದ್ದರೆ ಮುಂದೋಡಿದವನಿಂದಾಗಿ ಬಿಎಂಎಸ್ ಬೇಗ ಬಾಗಿಲು ಹಾಕುತ್ತಿದೆ. ಸರಿಸಮ ಮಾಡುವ ಅದರ ಶಕ್ತಿ ಸಾಧಾರಣವಾಗಿ 50ರಿಂದ 100 ಮಿಲಿಆಂಪಿಯರ್ ಮಾತ್ರ. ಕಡಿಮೆ ಕರೆಂಟಿನಲ್ಲಿ 14 ವೋಲ್ಟ್ ಸುಮಾರಿಗೆ ಒಂದೆರಡು ದಿನ ಹಿಡಿದಿಡಿ, ಆಗಾಗ ನೋಡುತ್ತಿರಿ. ಅರ್ಧಕ್ಕರ್ಧ ಬ್ಯಾಟರಿಗಳು ಹೀಗೆ ದಾರಿಗೆ ಬಂದದ್ದನ್ನು ಕಂಡಿದ್ದೇನೆ.

ಬಾರದಿದ್ದರೆ ಪೆಟ್ಟಿಗೆ ಒಡೆಯಬೇಡಿ, ಮಾರಿದವರಿಗೆ ಬರೆದಿಟ್ಟ ಅಂಕಿಗಳ ಹಾಳೆ ತೋರಿಸಿ. "ಬೇಗ ಇಳಿಯುತ್ತದೆ" ಎಂಬ ದೂರಿಗೆ ಸಿಗದ ಬೆಲೆ "20 ಆಂಪಿಯರ್‌ನಲ್ಲಿ ಮೂರು ಗಂಟೆ ಹತ್ತು ನಿಮಿಷ" ಎಂಬ ಸಾಲಿಗೆ ಸಿಗುತ್ತದೆ. ನಿಜಕ್ಕೂ ಮುಗಿದ ಬ್ಯಾಟರಿ ಗುಜರಿಗೆ ಹೋಗಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದರ ಹೊಣೆ ತಯಾರಕರ ಮೇಲಿದೆ.

ಗದಗಿನ ಟೆಂಪೊದ ಬ್ಯಾಟರಿ ಅಂದು ನಾಲ್ಕು ಗಂಟೆ ನಲವತ್ತು ನಿಮಿಷ ತಡೆಯಿತು. ತಾರೀಖಿನ ಜೊತೆ "93" ಎಂದು ಬರೆದ ಟೇಪಿನ ತುಂಡನ್ನು ಅದರ ಮುಚ್ಚಳಕ್ಕೆ ಅಂಟಿಸಿ, ಆಂಪ್ಲಿಫೈಯರ್‌ನ ವಯರನ್ನೂ ಹಿಂದಿನ ಫ್ಯೂಸ್ ಪೆಟ್ಟಿಗೆಗೆ ಬದಲಿಸಿ ಕಳುಹಿಸಿದೆ. ಮುಂದಿನ ಬೇಸಿಗೆಯಲ್ಲಿ ಅದೇ ಬಲ್ಬ್‌ಗಳನ್ನು ಹಚ್ಚಿ ಮತ್ತೆ ಅಳೆಯುವುದಿದೆ.